ಗುಜರಿ ಪಟ್ಟಿ, ಹಳೇ ಹ್ಯಾಕ್ಸಾ ಬ್ಲೇಡ್, ಹೊಸ ಒಎಚ್‌ಎನ್‌ಎಸ್: ಮೊದಲ ಚಾಕುವಿಗೆ ಯಾವ ಉಕ್ಕು?

ನಾನು ಬೆಂಗಳೂರಿನ ಪೀಣ್ಯದಲ್ಲಿ ಪ್ರೆಸ್ ಟೂಲ್ (ತಗಡು ಕತ್ತರಿಸುವ, ಒತ್ತುವ ಅಚ್ಚು) ಫಿಟ್ಟರ್. ಹದಿನಾರು ವರ್ಷದಿಂದ ಅರ, ವೈಸ್, ಹೈಟ್ ಗೇಜ್ ಜೊತೆಗೇ ಇದ್ದೀನಿ. ಹಾಗಾಗಿ ಚಾಕು ಮಾಡಲು ಕೂತಾಗ ಆಕಾರದ ಬಗ್ಗೆ ಭಯ ಇರಲಿಲ್ಲ. ಕಷ್ಟ ಕೊಟ್ಟಿದ್ದು ಉಕ್ಕು, ಆಮೇಲೆ ಅದಕ್ಕೆ ಹದ ಕೊಡುವ ಬೆಂಕಿ.

ಒಂದು ವರ್ಷದಲ್ಲಿ ಮೂರು ಥರದ ಉಕ್ಕಿನಲ್ಲಿ ಮೂರು ಚಾಕು ಮಾಡಿದೆ. ಮೂರಕ್ಕೂ ಒಂದೇ ಆಕಾರ, ಅಲಗು 150 ಮಿ.ಮೀ. ಉದ್ದ. ಹಿಡಿಗೆ ಹಳೇ ಮಂಚದ ಹೊನ್ನೆ ಮರ. ಮೂರನ್ನೂ ಅಮ್ಮನ ಕೈಗೆ ಕೊಟ್ಟು ದಿನಾ ಹೆಚ್ಚಲು ಹೇಳಿದೆ. ಅಡುಗೆಮನೆ ಚಾಕು ಬಿಟ್ಟು ಬೇರೆ ಯಾವುದಕ್ಕೂ ನಾನು ಕೈ ಹಾಕಿಲ್ಲ. ಮನೆ, ಬೇಸಾಯದಂಥ ಕೆಲಸಕ್ಕಲ್ಲದ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಶಸ್ತ್ರಾಸ್ತ್ರ ನಿಯಮದ ಲೆಕ್ಕಕ್ಕೆ ಬರುತ್ತದೆ. ಹೊಸಬರಿಗೆ ಇದು ಮೊದಲೇ ಗೊತ್ತಿರಬೇಕು.

ಮೊದಲನೆಯದು ಲೀಫ್ ಸ್ಪ್ರಿಂಗ್, ಅಂದರೆ ಲಾರಿ ಕೆಳಗಿನ ಸ್ಪ್ರಿಂಗ್ ಪಟ್ಟಿ. ಕಲಾಸಿಪಾಳ್ಯದ ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ಅಲ್ಲಿ ಮೈಲ್ಡ್ ಸ್ಟೀಲ್ ಪಟ್ಟಿಯೂ ರಾಶಿ ಬಿದ್ದಿರುತ್ತದೆ, ಆದರೆ ಅದರಲ್ಲಿ ಇಂಗಾಲ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬರುವುದಿಲ್ಲ. ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು 0.6 ಶೇಕಡಾ ಇಂಗಾಲ ಇರುತ್ತದೆ, ಅಷ್ಟಿದ್ದರೆ ಚಾಕುವಿಗೆ ಸಾಕು. ಆದರೆ ನನಗೆ ಸಿಕ್ಕ ಲಾರಿ ಪಟ್ಟಿ 8 ಮಿ.ಮೀ. ದಪ್ಪ, ಮೇಲಾಗಿ ಬಿಲ್ಲಿನ ಹಾಗೆ ಬಾಗಿತ್ತು. ನನಗೆ ಬೇಕಿದ್ದದ್ದು 3 ಮಿ.ಮೀ. ಕಾಯಿಸಿ ಬಡಿಯಬೇಕು, ಇಲ್ಲವೇ ಅರ್ಧಕ್ಕಿಂತ ಜಾಸ್ತಿ ಉಕ್ಕನ್ನು ಗ್ರೈಂಡರ್‌ನಲ್ಲಿ ಪುಡಿ ಮಾಡಬೇಕು. ಟಾರಸಿ ಮೇಲೆ ಇಟ್ಟಿಗೆ ಜೋಡಿಸಿ, ಬ್ಲೋವರ್ ಇಟ್ಟು, ಇದ್ದಿಲ ಒಲೆ ಮಾಡಿದೆ. ರೈಲು ಹಳಿ ತುಂಡೇ ಅಡಿಗಲ್ಲು. ಫಿಟ್ಟರ್ ಕೈಗೆ ಸುತ್ತಿಗೆ ಪೆಟ್ಟಿನ ಲೆಕ್ಕ ಸುಲಭಕ್ಕೆ ಬರುವುದಿಲ್ಲ. ಎರಡು ಭಾನುವಾರ ಬರೀ ಪಟ್ಟಿ ನೇರ ಮಾಡಲು ಹೋಯಿತು.

ಗಡಸು ಮಾಡುವ ಕೆಲಸ ಕತ್ತಲಾದ ಮೇಲೆ ಮಾಡಿದೆ. ಬಿಸಿಲಲ್ಲಿ ಕೆಂಪಿನ ಹದ ಕಣ್ಣಿಗೆ ಗೊತ್ತಾಗುವುದಿಲ್ಲ. ತಂತಿಗೆ ಅಯಸ್ಕಾಂತ ಕಟ್ಟಿ ಆಗಾಗ ಮುಟ್ಟಿಸಿದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೂ ಸ್ವಲ್ಪ ಕಾಯಿಸಿ ಬೆಚ್ಚಗಿನ ಸೂರ್ಯಕಾಂತಿ ಎಣ್ಣೆಗೆ ಅದ್ದಬೇಕು. ಮೊದಲ ಅಲಗು ಅದ್ದಿದ ಕ್ಷಣ ‘ಟಿಣ್’ ಅಂತ ಸಣ್ಣ ಸದ್ದು ಬಂತು. ಹೊರಗೆ ತೆಗೆದು ನೋಡಿದರೆ ಕೂದಲೆಳೆಯಷ್ಟು ಬಿರುಕು. ಲಾರಿ ಕೆಳಗೆ ವರ್ಷಗಟ್ಟಲೆ ಕುಣಿದ ಪಟ್ಟಿಯೊಳಗೆ ಬಿರುಕು ಮೊದಲೇ ಹುಟ್ಟಿರಬಹುದು, ಮೇಲಿಂದ ಕಾಣುವುದಿಲ್ಲ. ಅದನ್ನು ವೈಸ್‌ನಲ್ಲಿ ಕಚ್ಚಿಸಿ ಮುರಿದೆ. ಮುರಿದ ಮೈ ತುದಿಯ ಹತ್ತಿರ ಬನ್ಸಿ ರವೆ ಥರ ದಪ್ಪ ಕಾಳು ಕಾಳಾಗಿತ್ತು, ಬುಡದಲ್ಲಿ ಚಿರೋಟಿ ರವೆ ಥರ ನುಣ್ಣಗೆ. ಅಂದರೆ ತುದಿ ಅತಿಯಾಗಿ ಕಾದಿತ್ತು. ಹೊಸಬರು ಒಂದು ತುಂಡನ್ನಾದರೂ ಹೀಗೆ ಮುರಿದು ನೋಡಬೇಕು. ನನ್ನ ಬೆಂಕಿ ಎಲ್ಲಿ ತಪ್ಪಿತು ಅಂತ ನನಗೆ ಗೊತ್ತಾಗಿದ್ದೇ ಆ ಮುರಿದ ಮೈಯಿಂದ.

ಸ್ಪ್ರಿಂಗ್ ಉಕ್ಕಿನ ಎರಡನೇ ಅಲಗು ಬಿರುಕಿಲ್ಲದೆ ನಿಂತಿತು. ಅರ ಹಚ್ಚಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಅಂದರೆ ಗಡಸಾಗಿದೆ. ಓವನ್‌ನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ ಇಟ್ಟು ಪೆಡಸುತನ ಇಳಿಸಿದೆ. ಆಮೇಲೆ ಒಂದು ಕಡೆ ಗಡಸು ಅಳೆಸಿದಾಗ ರಾಕ್‌ವೆಲ್ ಸಿ ಲೆಕ್ಕದಲ್ಲಿ (ಅಂಕಿ ಹೆಚ್ಚಾದಷ್ಟೂ ಗಡಸು ಜಾಸ್ತಿ) ಬುಡದಲ್ಲಿ 54, ಮುಂದೆ 57 ಬಂತು. ಒಂದೇ ಅಲಗಿನಲ್ಲಿ ಅಷ್ಟು ವ್ಯತ್ಯಾಸ.

ಎರಡನೆಯದು ವರ್ಕ್‌ಶಾಪ್‌ನಲ್ಲಿ ಸವೆದು ಬಿಸಾಡಿದ್ದ ಪವರ್ ಹ್ಯಾಕ್ಸಾ ಬ್ಲೇಡ್, ಲೋಹ ಕೊಯ್ಯುವ ಯಂತ್ರದ ಗರಗಸದ ಅಲಗು. ಪೂರ್ತಿ ಹೈಸ್ಪೀಡ್ ಸ್ಟೀಲ್ ಆಗಿರಬೇಕು, ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಇರುವ ಬೈಮೆಟಲ್ ಬೇಡ. ಬೆನ್ನನ್ನು ಸಾಣೆಗೆ ಒಡ್ಡಿ ನೋಡಿ. ಹೈಸ್ಪೀಡ್ ಆದರೆ ಮಂಕಾದ ಕೆಂಪು ಕಿಡಿ, ಸಾದಾ ಕಾರ್ಬನ್ ಉಕ್ಕಾದರೆ ಬೆಳ್ಳಗೆ ಸಿಡಿಯುವ ಕಿಡಿ. ಇದಕ್ಕೆ ಬೆಂಕಿಯ ಕೆಲಸವೇ ಇಲ್ಲ, ಗಡಸಾಗಿಯೇ ಬಂದಿರುತ್ತದೆ. ಗ್ರೈಂಡ್ ಮಾಡುವಾಗ ಸ್ವಲ್ಪ ಕಾದರೂ ಗಡಸು ಇಳಿಯುವುದಿಲ್ಲ. ಆದರೆ ಅರ ಹತ್ತುವುದಿಲ್ಲ, ಸಾದಾ ಡ್ರಿಲ್ಲೂ ಇಳಿಯುವುದಿಲ್ಲ. ಹಿಡಿಯ ಒಂದು ಪಿನ್ನಿಗೆ ಬ್ಲೇಡಿನ ತೂತನ್ನೇ ಬಳಸಿದೆ, ಇನ್ನೊಂದಕ್ಕೆ ಕಾರ್ಬೈಡ್ ಡ್ರಿಲ್ ಬೇಕಾಯಿತು. ಹರಿತದಲ್ಲಿ ಮಾತ್ರ ಇದಕ್ಕೆ ಸಮ ಇಲ್ಲ. “ಕೈ ಇಟ್ರೆ ಸಾಕು ಕಣೋ, ತಾನೇ ಹೋಗ್ತಾ ಇರುತ್ತೆ” ಅಂದರು ಅಮ್ಮ. ಮೂರು ತಿಂಗಳು ಸಾಣೆಯೇ ಬೇಕಾಗಲಿಲ್ಲ. ಒಂದು ದಿನ ಕೈಜಾರಿ ಗ್ರಾನೈಟ್ ನೆಲಕ್ಕೆ ಬಿತ್ತು. ತುದಿ ಒಂದು ಬೆರಳಗಲ ಹಾರಿಹೋಯಿತು.

ಮೂರನೆಯದು ಒಎಚ್‌ಎನ್‌ಎಸ್ (ಆಯಿಲ್ ಹಾರ್ಡನಿಂಗ್ ನಾನ್ ಶ್ರಿಂಕಿಂಗ್ ಸ್ಟೀಲ್) ಪಟ್ಟಿ, ಹೊಸದು. ನಮ್ಮ ಪಂಚು, ಡೈಗಳಿಗೆ ದಿನಾ ಬಳಸುವ ಉಕ್ಕು ಇದೇ ಅಲ್ವಾ? ಇಂಗಾಲ ಸುಮಾರು 0.9 ಶೇಕಡಾ, ಎಣ್ಣೆಯಲ್ಲಿ ಗಡಸಾಗುತ್ತದೆ, ಅಳತೆ ಜಾಸ್ತಿ ಕದಲುವುದಿಲ್ಲ. ಎರಡೂ ಮೈ ಗ್ರೈಂಡ್ ಆಗಿ, 3 ಮಿ.ಮೀ. ದಪ್ಪದ್ದೇ ಸಿಕ್ಕಿತು. ಗೆರೆ ಎದ್ದು ಕಾಣಲು ಮಾರ್ಕಿಂಗ್ ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಿ, ಗೆರೆ ಎಳೆದು, ಗರಗಸದಲ್ಲಿ ಕೊಯ್ದು, ಅರದಲ್ಲೇ ಇಳಿಜಾರು ತೆಗೆದೆ. ಆ್ಯಂಗಲ್ ಗ್ರೈಂಡರ್‌ಗಿಂತ ಅರವೇ ನನಗೆ ಇಷ್ಟ. ನಿಧಾನ, ಆದರೆ ಒಂದೇ ಏಟಿಗೆ ಕೆಲಸ ಕೆಡುವುದಿಲ್ಲ. ಬಾಯಿಯನ್ನು ಮುಕ್ಕಾಲು ಮಿ.ಮೀ. ದಪ್ಪಕ್ಕೆ ನಿಲ್ಲಿಸಿದೆ. ಅದಕ್ಕಿಂತ ತೆಳು ಮಾಡಿದರೆ ಅದ್ದುವಾಗ ಅಲೆ ಅಲೆಯಾಗಿ ಬಾಗುವ ಭಯ.

ಈ ಉಕ್ಕನ್ನು 800 ಡಿಗ್ರಿ ಆಸುಪಾಸಿಗೆ ತಂದು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಬೇಕು. ನನ್ನ ಇದ್ದಿಲ ಒಲೆಯಲ್ಲಿ ಅದು ಆಗದ ಮಾತು. ನಮ್ಮ ಡೈಗಳು ಹೋಗುವ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೇ ಒಯ್ದೆ.

“ಏನಣ್ಣಾ, ಪಂಚ್ ತರ್ತಿದ್ರಿ, ಇವತ್ತು ಚಾಕು?” ಅಂದ ಅಲ್ಲಿನ ಹುಡುಗ. ತಿರುಗಿಸಿ ನೋಡಿ, “ಹಿಡಿ ಹತ್ರ ತೂತು ಹಾಕಿದ್ದೀರಲ್ಲ, ಒಳ್ಳೇದಾಯ್ತು. ತೂಗಿ ಹಾಕ್ತೀನಿ. ಮಲಗಿಸಿದ್ರೆ ಬಾಗುತ್ತೆ” ಅಂದ. ಮಾರನೇ ದಿನ ಡೈಗಳ ಜೊತೆ ವಾಪಸ್ ಬಂತು. ಮೂರು ಕಡೆ ಅಳೆದರೂ 60. ನೇರವಾಗಿಯೂ ಇತ್ತು. ಆಮೇಲಿನ ಗ್ರೈಂಡಿಂಗ್ ಪೂರ್ತಿ ಗ್ಲೌಸ್ ಇಲ್ಲದೆ ಬರಿಗೈಯಲ್ಲೇ ಮಾಡಿದೆ. ಕೈಗೆ ಬಿಸಿ ಅನ್ನಿಸಿದ ಕೂಡಲೇ ನೀರಿಗೆ ಅದ್ದಬೇಕು. ಬಾಯಿಯ ಅಂಚು ನೀಲಿಯಾದರೆ ಅಷ್ಟು ಭಾಗದ ಗಡಸು ಹೋಯಿತು ಅಂತಲೇ ಲೆಕ್ಕ.

ನಿಮಗೆ ಅರ, ವೈಸ್ ಗೊತ್ತಿದ್ದರೆ ಮೊದಲ ಚಾಕು ಒಎಚ್‌ಎನ್‌ಎಸ್‌ನಲ್ಲೇ ಮಾಡಿ, ಬೆಂಕಿಯ ಕೆಲಸ ಹೊರಗೆ ಕೊಡಿ. ಚಾಕು ಚೆನ್ನಾಗಿ ಬರದಿದ್ದರೆ ತಪ್ಪು ಉಕ್ಕಿನದೋ ಕೈಯದೋ ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಬಡಿಯುವುದನ್ನೇ ಕಲಿಯಬೇಕು ಅನ್ನುವ ಆಸೆ ಇದ್ದರೆ ಮಾತ್ರ ಸ್ಪ್ರಿಂಗ್ ಪಟ್ಟಿ. ಆಗಲೂ ಒಂದೇ ಪಟ್ಟಿಯಿಂದ ನಾಲ್ಕು ತುಂಡು ಕತ್ತರಿಸಿಕೊಂಡೇ ಶುರು ಮಾಡಿ. ಹ್ಯಾಕ್ಸಾ ಬ್ಲೇಡ್ ಪುಕ್ಕಟೆ ಸಿಕ್ಕರೆ ಮಾಡಿ ನೋಡಿ, ಅದಕ್ಕೋಸ್ಕರ ಹುಡುಕಿಕೊಂಡು ಹೋಗಬೇಡಿ.

ಒಎಚ್‌ಎನ್‌ಎಸ್ ಸ್ಟೇನ್‌ಲೆಸ್ ಅಲ್ಲ. ಈರುಳ್ಳಿ, ನಿಂಬೆಹುಳಿ ತಾಗಿ ವಾರದೊಳಗೆ ಅಲಗು ನೀಲಿಗಪ್ಪಾಯಿತು. ಅದು ಇರಲಿ, ಕೆಂಪು ತುಕ್ಕು ಮಾತ್ರ ಬಿಡಬಾರದು. ಅಮ್ಮ ಅದನ್ನು ತೊಳೆದ ಕೂಡಲೇ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಇಡುತ್ತಾರೆ. ತರಕಾರಿಗೆಲ್ಲ ಅದೇ. ತುದಿ ಮುರಿದ ಹ್ಯಾಕ್ಸಾ ಚಾಕು ಬೆಳ್ಳುಳ್ಳಿ, ಶುಂಠಿಗೆ. ಸ್ಪ್ರಿಂಗ್ ಚಾಕುವನ್ನು “ಕೈಗೆ ಭಾರ” ಅಂತ ಬದಿಗಿಟ್ಟಿದ್ದರು, ಕಳೆದ ವಾರ ಹಲಸಿನಹಣ್ಣು ಬಂದಾಗ ಅದನ್ನೇ ಕೇಳಿ ತೆಗೆಸಿಕೊಂಡರು. ಒಎಚ್‌ಎನ್‌ಎಸ್ ಪಟ್ಟಿ ಇನ್ನೂ ಅರ್ಧ ಉಳಿದಿದೆ. ಅದರ ಮೇಲೆ ಎರಡು ಚಾಕುವಿನ ಗೆರೆ ಎಳೆದಿಟ್ಟಿದ್ದೀನಿ. ಚಿಕ್ಕದು ಅಕ್ಕನಿಗೆ.