ಮೂರು ವರ್ಷ, 6,400 ಕಿಲೋಮೀಟರ್: ನನ್ನ ರೇಸಿಂಗ್ ವೀಲ್‌ಚೇರ್ ಜೊತೆಗಿನ ಅನುಭವ

ಈ ಕುರ್ಚಿ ಮನೆಗೆ ಬಂದು ಮೂರು ವರ್ಷ ಆಯಿತು. ಮುಂದಿನ ಚಕ್ರಕ್ಕೆ ಕಟ್ಟಿದ ಸೈಕಲ್ ಮೀಟರ್ ಈಗ 6,400 ಕಿ.ಮೀ. ತೋರಿಸುತ್ತಿದೆ. ಅದರಲ್ಲಿ ಒಂದು ಪೂರ್ತಿ ಮ್ಯಾರಥಾನ್ ಇದೆ, 42.195 ಕಿ.ಮೀ. ಉಳಿದದ್ದರಲ್ಲಿ ಹೆಚ್ಚಿನದು ಆ ಒಂದು ಬೆಳಗ್ಗೆಗಾಗಿ ತಳ್ಳಿದ್ದು. ಕೊಳ್ಳುವ ಮುಂಚೆ ಇಂಥ ಕುರ್ಚಿ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ತುಂಬಾ ಹುಡುಕಿದ್ದೆ. ನನಗೆ ಸಿಗಲಿಲ್ಲ. ಹುಡುಕುವವರು ಇನ್ನೂ ಇರುತ್ತಾರೆ ಅಲ್ವಾ, ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಕೊಪ್ಪಳದ ಪಕ್ಕದ ಭಾಗ್ಯನಗರದವಳು. ಕೆಲಸ ಟೇಲರಿಂಗ್. 2015ರಲ್ಲಿ ಮಾಳಿಗೆಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಡಾಕ್ಟರ ಚೀಟಿಯಲ್ಲಿ ಡಿ12 ಅಂತ ಇದೆ, ಅಂದರೆ ಎದೆ ಭಾಗದ ಬೆನ್ನುಮೂಳೆಯಲ್ಲಿ ಮೇಲಿನಿಂದ ಹನ್ನೆರಡನೆಯದು. ಕಾಲಿಗೆ ಬಲವಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಹೊಟ್ಟೆ, ಬೆನ್ನಿನ ಸ್ನಾಯು ಕೆಲಸ ಮಾಡುತ್ತವೆ. ಹಾಗಾಗಿ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ವೀಲ್‌ಚೇರ್ ಓಟದ ಟಿ54 ವರ್ಗಕ್ಕೆ ಬರುತ್ತೇನೆ. ಹೊಲಿಗೆ ಮಷಿನ್ನಿನ ಮೋಟರ್ ಪೆಡಲ್ಲನ್ನು ಮೊಣಕೈ ಕೆಳಗೆ ಇಟ್ಟುಕೊಂಡು ಒತ್ತುತ್ತೇನೆ.

ನೋಡದವರಿಗೆ ಕುರ್ಚಿ ಹೇಗಿದೆ ಅಂತ ಹೇಳುತ್ತೇನೆ. ಮೂರು ಗಾಲಿ. ಹಿಂದೆ ಎರಡು ದೊಡ್ಡವು, ಮೇಲೆ ಒಳಕ್ಕೆ ಬಾಗಿ ಕೆಳಗೆ ಅಗಲವಾಗಿ ನಿಲ್ಲುತ್ತವೆ. ಮುಂದೆ ಉದ್ದನೆಯ ಪೈಪಿನ ತುದಿಯಲ್ಲಿ ಒಂದು ಸಣ್ಣದು. ಇದರಲ್ಲಿ ಕಾಲು ಚಾಚಿ ಕೂರುವುದಿಲ್ಲ. ನಾನು ಮಂಡಿಯೂರಿ ಕೂರುತ್ತೇನೆ, ಕಾಲು ಮೈ ಕೆಳಗೆ ಮಡಚಿಕೊಂಡಿರುತ್ತದೆ, ಎದೆ ಮುಂದಕ್ಕೆ ಬಾಗಿರುತ್ತದೆ. ದೊಡ್ಡ ಗಾಲಿಯ ಪಕ್ಕದಲ್ಲಿ ಸಣ್ಣ ರಿಂಗ್ ಇದೆ. ಅದನ್ನು ಹಿಡಿಯಬಾರದು, ಗ್ಲೌಸ್ ಹಾಕಿದ ಮುಷ್ಟಿಯಿಂದ ಹೊಡೆದು ಕೆಳಕ್ಕೆ ಒತ್ತಬೇಕು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂದು ಗಂಟೆ ಇರುವ ಜಾಗದಲ್ಲಿ ಹೊಡೆದರೆ ಆರರ ಹತ್ತಿರ ಬಿಡಬೇಕು. ಬಿಟ್ಟ ಕೈ ಹಿಂದಕ್ಕೆ, ಮೇಲಕ್ಕೆ ತಾನೇ ಹಾರಬೇಕು. ಈ ಹಾರುವುದು ಕಲಿಯಲು ನನಗೆ ಐದು ತಿಂಗಳು ಹಿಡಿಯಿತು.

ಬೆಲೆ 1 ಲಕ್ಷ 60 ಸಾವಿರ ಆಯಿತು. ಅರ್ಧ ನನ್ನ ಉಳಿತಾಯ, ಅರ್ಧ ಸಂಘದ ಸಾಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಅಳತೆ. ಕುರ್ಚಿ ಮಾಡಿಕೊಟ್ಟವರು ಫೋನಿನಲ್ಲೇ ಅಳತೆ ಕೇಳಿದರು. ಸೊಂಟದ ಅಗಲ, ತೊಡೆ ಉದ್ದ, ತೋಳಿನ ಉದ್ದ. ನಾನೇ ಟೇಪ್ ಹಿಡಿದು ಕೊಟ್ಟೆ. ಬಂದ ಕುರ್ಚಿ ಸೊಂಟದಲ್ಲಿ ಎರಡು ಇಂಚು ಅಗಲ ಇತ್ತು. ಕೇಳಿದರೆ, ಪಕ್ಕಕ್ಕೆ ಸ್ಪಂಜ್ ತುಂಬಿಕೊಳ್ಳಿ ಅಂದರು. ಬ್ಲೌಸ್ ಅರ್ಧ ಇಂಚು ಸಡಿಲಾದರೆ ಬಿಚ್ಚಿ ಹೊಲಿದು ಕೊಡುವವಳು ನಾನು. ಆದರೂ ಆಸೆಗೆ ಬಿದ್ದು ಸ್ಪಂಜ್ ತುಂಬಿಕೊಂಡು ಓಡಿಸಿದೆ. ಪ್ರತಿ ತಳ್ಳಿಗೂ ಮೈ ಎಡಕ್ಕೆ ಬಲಕ್ಕೆ ಜಾರುತ್ತಿತ್ತು. ಜಾರಿದ ಕಡೆ ಚರ್ಮ ಉಜ್ಜುತ್ತಿತ್ತು. ನೋವು ಗೊತ್ತಾಗುವ ಹಾಗಿಲ್ಲವಲ್ಲ. ಎರಡನೇ ತಿಂಗಳಲ್ಲಿ ಒಂದು ದಿನ ಸ್ನಾನ ಮಾಡಿಸುವಾಗ ಅಮ್ಮ ನೋಡಿದಳು. ಪೃಷ್ಠದ ಎಲುಬಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಕಲೆ, ಸುತ್ತ ಕೆಂಪು. ಬೆಡ್‌ಸೋರ್, ಒಂದೇ ಕಡೆ ಒತ್ತಿ ಆಗುವ ಹುಣ್ಣು.

ನಾಲ್ಕು ತಿಂಗಳು ಬೋರಲು ಮಲಗಿದೆ. ಹೊಟ್ಟೆ ಮೇಲೆ ಮಲಗಿಕೊಂಡೇ ಬ್ಲೌಸ್‌ಗಳಿಗೆ ಹುಕ್ಕು ಹಚ್ಚುತ್ತಿದ್ದೆ. ಕುರ್ಚಿ ಮೂಲೆಯಲ್ಲಿ ಸೀರೆ ಹೊದ್ದು ನಿಂತಿತ್ತು. ಮೊದಲ ತಿಂಗಳು ಅದನ್ನು ಮಾರಿಬಿಡು ಅಂತ ತಮ್ಮನಿಗೆ ದಿನಾ ಹೇಳುತ್ತಿದ್ದೆ. ಅವನು ಆಯಿತು ಅನ್ನುತ್ತಿದ್ದ, ಮಾರುತ್ತಿರಲಿಲ್ಲ. ಎರಡನೇ ತಿಂಗಳು ಮಂಚದ ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಸಿಕೊಂಡು ಬೋರಲು ಮಲಗಿಯೇ ಎಳೆಯಲು ಶುರು ಮಾಡಿದೆ. ಬೆಳಗ್ಗೆ 200, ಸಂಜೆ 200. ಆಮೇಲೆ ಗೊತ್ತಾಯಿತು, ಭುಜದ ಹಿಂಭಾಗಕ್ಕೆ ಬೇಕಾದದ್ದು ಅದೇ ಕಸರತ್ತು. ತಳ್ಳಿ ತಳ್ಳಿ ಎದೆಯ ಸ್ನಾಯು ಬಿಗಿಯಾಗುತ್ತವೆ, ಭುಜ ಮುಂದಕ್ಕೆ ಸರಿಯುತ್ತದೆ. ಹಿಂದಿನಿಂದ ಎಳೆದು ಹಿಡಿಯುವ ಬಲ ಇಲ್ಲದಿದ್ದರೆ ಭುಜದ ಒಳಗಿನ ಸ್ನಾಯು ಹರಿಯಬಹುದು. ನಮಗೆ ಭುಜ ಹೋದರೆ ಮಂಚದಿಂದ ಕುರ್ಚಿಗೆ ಬರುವುದೂ ಹೋಯಿತು. ಇವತ್ತಿಗೂ ನಾನು ಒಂದು ದಿನ ತಳ್ಳಿದರೆ ಮರುದಿನ ಎಳೆಯುತ್ತೇನೆ. ವಾರಕ್ಕೆ ಒಂದು ದಿನ ಭುಜಕ್ಕೆ ಪೂರ್ತಿ ರಜೆ.

ಗಾಯ ಮಾಗಿದ ಮೇಲೆ ಕುರ್ಚಿಯ ಸೊಂಟ ಸಣ್ಣ ಮಾಡಿಸಿದೆವು. ಇದು ಅಲ್ಯೂಮಿನಿಯಂ. ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಆಗುವುದಿಲ್ಲ, ಆರ್ಗಾನ್ ವೆಲ್ಡಿಂಗ್ ಬೇಕು. ಹೊಸಪೇಟೆಗೆ ಒಯ್ದು ಮಾಡಿಸಿದೆವು. ಈ ಸಲ ನಾನು ಕುರ್ಚಿಯಲ್ಲೇ ಕೂತು, ಓಡಿಸುವಾಗ ಹಾಕುವ ಬಟ್ಟೆಯಲ್ಲೇ, ಉಸಿರು ಒಳಗೆ ಎಳೆದು ಒಮ್ಮೆ, ಬಿಟ್ಟು ಒಮ್ಮೆ ಅಳತೆ ತೆಗೆದೆ. ಈಗ ಮೈಗೂ ಕುರ್ಚಿಗೂ ನಡುವೆ ಅಂಗೈ ಸರಿದರೆ ಹೆಚ್ಚು. ಸೊಂಟ ಒಂಚೂರು ತಿರುಗಿಸಿದರೆ ಕುರ್ಚಿಯೂ ತಿರುಗುತ್ತದೆ. ಅದೇ ಗಾಲಿ, ಅದೇ ನಾನು. 10 ಕಿ.ಮೀ.ಗೆ ಆರು ನಿಮಿಷ ಉಳಿಯಿತು. ನೀವು ಕೊಳ್ಳುವುದಾದರೆ ದಯವಿಟ್ಟು ಫೋನಿನಲ್ಲಿ ಅಳತೆ ಕೊಡಬೇಡಿ. ಎಷ್ಟೇ ದೂರ ಇರಲಿ, ಹೋಗಿ ಕೂತು ನೋಡಿ. ಮತ್ತು ಪ್ರತಿ ರಾತ್ರಿ ಕನ್ನಡಿ ಹಿಡಿದು ಪೃಷ್ಠ, ಮೊಣಕಾಲು, ಮುಂಗಾಲು, ಹಿಮ್ಮಡಿ ನೋಡಿಕೊಳ್ಳಿ. ಒತ್ತಿದರೂ ಹೋಗದ ಕೆಂಪು ಕಂಡರೆ ಮರುದಿನ ಕುರ್ಚಿ ಮುಟ್ಟಬೇಡಿ.

ರಿಂಗ್ ಮತ್ತು ಗ್ಲೌಸ್ ಬಗ್ಗೆ. ಬರೀ ಲೋಹದ ರಿಂಗ್ ಮೇಲೆ ಕೈ ಜಾರುತ್ತದೆ, ಅದಕ್ಕೆ ರಬ್ಬರ್ ಅಂಟಿಸುತ್ತಾರೆ. ಕುರ್ಚಿ ಜೊತೆ ಬಂದ ರಬ್ಬರ್ ಎಂಟು ತಿಂಗಳಿಗೆ ಎದ್ದು ಬಂತು. ಈಗ ನಮ್ಮ ಸೈಕಲ್ ಅಂಗಡಿಯವರು ಹಳೆ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎರಡೂ ಕಡೆ ಉಜ್ಜುಕಾಗದದಿಂದ ಉಜ್ಜಿ, ಪಂಕ್ಚರ್ ಸಲ್ಯೂಷನ್ ಬಳಿದು, ಊದಿ ಒಣಗಿಸಿ ಸುತ್ತುತ್ತಾರೆ. ಪಟ್ಟಿಯ ಕೊನೆ ಕೈ ಹೊಡೆಯುವ ದಿಕ್ಕಿಗೆ ಎದುರಾಗಿ ಬರಬಾರದು, ಬಂದರೆ ಎರಡು ದಿನಕ್ಕೆ ಕಿತ್ತು ಬರುತ್ತದೆ. ಹೀಗೆ ಸುತ್ತಿದ್ದು ನಾಲ್ಕು ತಿಂಗಳು ಬಾಳುತ್ತದೆ. ಗ್ಲೌಸ್ ಎರಡು ಥರ, ಮೆತ್ತನೆ ಚರ್ಮದ್ದು ಮತ್ತು ಗಟ್ಟಿ ಪ್ಲಾಸ್ಟಿಕ್‌ದು. ನಾನು ಮೊದಲು ಚರ್ಮದ್ದು ಹಾಕುತ್ತಿದ್ದೆ, ಹೆಬ್ಬೆರಳ ಪಕ್ಕ ಬೊಬ್ಬೆ ತಪ್ಪುತ್ತಿರಲಿಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಿಂದ ಕೈಯ ಅಚ್ಚಿಗೇ ಮಾಡಿಕೊಂಡ ಮೇಲೆ ಬೊಬ್ಬೆ ನಿಂತಿತು. ಅದನ್ನು ಕೈಗೆ ಕಟ್ಟುವ ಬೆಲ್ಟ್ ನಾನೇ ಹೊಲಿದೆ.

ಇನ್ನು ರಸ್ತೆ. ನೀರು ಹರಿಯಲಿ ಅಂತ ರಸ್ತೆ ಮಧ್ಯದಲ್ಲಿ ಎತ್ತರ, ಅಂಚಿಗೆ ಇಳಿಜಾರು ಇರುತ್ತದೆ. ನಾವು ಎಡಕ್ಕೆ ಹೋಗುವವರು. ಕುರ್ಚಿ ಸದಾ ಎಡಕ್ಕೆ ಎಳೆಯುತ್ತದೆ, ಬಿಟ್ಟರೆ ಚರಂಡಿ ಕಡೆಗೆ. ಇದಕ್ಕೆ ಕಾಂಪೆನ್ಸೇಟರ್ ಅಂತ ಒಂದು ಲಿವರ್ ಇದೆ. ಟ್ರ್ಯಾಕ್‌ನಲ್ಲಿ ತಿರುವಿಗೆ ಬಂದಾಗ ಅದನ್ನು ಅಂಗೈಯಿಂದ ತಟ್ಟಿದರೆ ಮುಂದಿನ ಗಾಲಿ ತಿರುವಿನಲ್ಲೇ ನಿಲ್ಲುತ್ತದೆ, ಇನ್ನೊಂದು ಕಡೆ ತಟ್ಟಿದರೆ ನೇರ. ರಸ್ತೆಯಲ್ಲಿ ನಾನು ಇದನ್ನೇ ಸ್ವಲ್ಪ ಬಲಕ್ಕೆ ಹೊಂದಿಸಿಕೊಳ್ಳುತ್ತೇನೆ. ಮೊದಲು ಗೊತ್ತಿರಲಿಲ್ಲ, ಎಡಗೈ ಜಾಸ್ತಿ ತಳ್ಳಿ ತಳ್ಳಿ ಎಡ ಭುಜ ಊದಿಕೊಂಡಿತ್ತು. ಬ್ರೇಕ್ ಇರುವುದು ಮುಂದಿನ ಗಾಲಿಗೆ ಮಾತ್ರ, ಅದೂ ಅಷ್ಟಕ್ಕಷ್ಟೇ. ಇಳಿಜಾರಿನಲ್ಲಿ ಅದನ್ನು ನಂಬಿ ವೇಗ ಏರಲು ಬಿಡಬೇಡಿ. ತಮ್ಮ ಮೊಪೆಡ್‌ನಲ್ಲಿ ಕೆಂಪು ದೀಪ ಹಾಕಿಕೊಂಡು ಹಿಂದೆ ಬರುತ್ತಾನೆ. ಅವನಿಲ್ಲದೆ ನಾನು ಒಂದು ದಿನವೂ ರಸ್ತೆಗೆ ಇಳಿದಿಲ್ಲ.

ಟೈರಿನ ಶತ್ರು ಬಳ್ಳಾರಿ ಜಾಲಿ. ನಮ್ಮ ಕಡೆ ರಸ್ತೆ ಬದಿಯಲ್ಲಿ ಅದಿಲ್ಲದ ಜಾಗವೇ ಇಲ್ಲ. ಸವರಿದ ಮರುದಿನ ಮುಳ್ಳು ಟಾರ್ ಮೇಲೆಲ್ಲ ಹರಡಿರುತ್ತದೆ. ಸೈಕಲ್ ರೇಸಿನ ತೆಳ್ಳನೆ ಟೈರು, ಗಟ್ಟಿಯಾಗಿ ಗಾಳಿ ತುಂಬಿರುತ್ತೇವೆ, ಮುಳ್ಳು ಸೀದಾ ಇಳಿಯುತ್ತದೆ. ಮೊದಲ ವರ್ಷ 31 ಪಂಕ್ಚರ್. ಆಮೇಲೆ ಟೈರಿನ ಒಳಗೆ ಹಳೆ ಟ್ಯೂಬಿನ ಪಟ್ಟಿ ಹಾಸಿದೆವು. ಸ್ವಲ್ಪ ಭಾರ ಆಯಿತು, ಕಳೆದ ವರ್ಷ 9 ಮಾತ್ರ. ರೇಸಿಗೆ ಹೋಗುವಾಗ ಆ ಪಟ್ಟಿ ತೆಗೆಯುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳದ ಬಿಸಿಲು 40 ಡಿಗ್ರಿ ದಾಟುತ್ತದೆ. ನನಗೆ ಸೊಂಟದ ಕೆಳಗೆ ಬೆವರು ಬರುವುದಿಲ್ಲ. ಅಂದರೆ ಮೈ ತಣ್ಣಗಾಗಲು ಇರುವುದು ಮೇಲಿನ ಅರ್ಧ ಮಾತ್ರ. ಪೆಟ್ಟು ಇನ್ನೂ ಮೇಲೆ ಇರುವವರಿಗೆ ಇದು ಇನ್ನೂ ಕಷ್ಟ. ಬೆಳಗ್ಗೆ 5ಕ್ಕೆ ಹೊರಟು 7ರೊಳಗೆ ಮನೆ ಸೇರುತ್ತೇನೆ. ಕುತ್ತಿಗೆಗೆ ಒದ್ದೆ ಬಟ್ಟೆ, ಬಾಟಲಿಯಲ್ಲಿ ಉಪ್ಪು ಸಕ್ಕರೆ ನಿಂಬೆಹಣ್ಣಿನ ನೀರು. ಉಳಿದದ್ದು ಮನೆಯಲ್ಲಿ ರೋಲರ್ ಮೇಲೆ, ಕುರ್ಚಿ ಇಟ್ಟು ನಿಂತಲ್ಲೇ ತಳ್ಳುವುದು. ಎರಡು ಕಬ್ಬಿಣದ ಪೈಪಿಗೆ ಬೇರಿಂಗ್ ಹಾಕಿಸಿ ಮಾಡಿಸಿಕೊಂಡದ್ದು, 7,000 ರೂಪಾಯಿ. ಗವಿಮಠದ ಜಾತ್ರೆಯ ವಾರವೂ ರೋಲರ್ರೇ ಗತಿ, ರಸ್ತೆ ತುಂಬ ಜನ ಇರುತ್ತಾರೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಮೂತ್ರದ ಚಿಂತೆಗೆ ನಮ್ಮಲ್ಲಿ ಹಲವರು ನೀರೇ ಕುಡಿಯುವುದಿಲ್ಲ. ನಾನೂ ಹಾಗೆ ಮಾಡಿ ಸೋಂಕಾಗಿ ಎರಡು ಸಲ ಜ್ವರದಲ್ಲಿ ಮಲಗಿದ್ದೆ. ಈಗ ನಾಲ್ಕು ಗಂಟೆಗೊಮ್ಮೆ ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ), ಹೊರಡುವ ಮುಂಚೆ ತಪ್ಪದೆ ಒಮ್ಮೆ. ಎದೆಯ ಮಧ್ಯಭಾಗ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ, ಡಿ6 ಮತ್ತು ಮೇಲೆ, ಮೂತ್ರಕೋಶ ತುಂಬಿದರೂ ಬಿಪಿ ಒಮ್ಮೆಗೇ ಏರಬಹುದು. ತಲೆ ಸಿಡಿಯುವ ಹಾಗೆ ನೋಯುತ್ತದೆ. ಆಗ ತಕ್ಷಣ ನಿಲ್ಲಿಸಿ, ನೇರ ಕೂತು, ಕಾರಣ ಹುಡುಕಿ ತೆಗೆಯಬೇಕು, ಬಿಪಿ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು. ಅದು ಜೀವಕ್ಕೆ ಅಪಾಯ. ಊಟದ ವಿಷಯ ಸಣ್ಣದು: ರೇಸಿನ ಹಿಂದಿನ ದಿನ ಜೋಳದ ರೊಟ್ಟಿ ಬಿಟ್ಟು ಅನ್ನ, ಬಾಳೆಹಣ್ಣು. ಬಾಗಿ ಕೂತಾಗ ಹೊಟ್ಟೆ ಒತ್ತುವುದರಿಂದ ಮೂರು ಗಂಟೆ ಮುಂಚೆಯೇ ತಿಂದು ಮುಗಿಸುತ್ತೇನೆ.

ಮನಸ್ಸಿಗೆ ತಯಾರಿ ಹೇಗೆ ಅಂತ ಕೇಳುತ್ತಾರೆ. ನನಗೆ ಸಹಾಯ ಆದದ್ದು ಎರಡು. ಒಂದು, 1975ರ ಕಥೆ. ಬಾಸ್ಟನ್ ಮ್ಯಾರಥಾನ್‌ನಲ್ಲಿ ವೀಲ್‌ಚೇರ್ ಓಡಿಸುತ್ತೇನೆ ಅಂತ ಅಮೆರಿಕದ ಬಾಬ್ ಹಾಲ್ ಕೇಳಿದಾಗ, 3 ಗಂಟೆಯೊಳಗೆ ಮುಗಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಓಟ ನಡೆಸುವವರು ಅಂದಿದ್ದರು. ಹಾಲ್ 2 ಗಂಟೆ 58 ನಿಮಿಷಕ್ಕೆ ಮುಗಿಸಿದರು. ಈಗಿನವರ ವೇಗವೇ ಬೇರೆ. ಸ್ವಿಟ್ಜರ್ಲೆಂಡಿನ ಮನುಯೆಲಾ ಶೆರ್ 2019ರಲ್ಲಿ ಜಪಾನಿನ ಓಇತಾದಲ್ಲಿ 1 ಗಂಟೆ 35 ನಿಮಿಷ 42 ಸೆಕೆಂಡಿಗೆ ಮುಗಿಸಿದ್ದಾರೆ. ಅದನ್ನು ನೋಡಿದರೆ ನನಗೆ ಖುಷಿಯಾಗುತ್ತದೆ, ಆದರೆ ನನ್ನ ಕೈಗೆ ಎಟುಕುವ ಹಾಗೆ ಕಂಡದ್ದು ಆ 3 ಗಂಟೆ. ಅದನ್ನು ಮಷಿನ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ.

ಇನ್ನೊಂದು, ನಮ್ಮೂರ ಸುತ್ತು. ಮನೆಯಿಂದ ಹೊರಟು ಮನೆಗೆ ಬರುವ ದಾರಿ ಸರಿಯಾಗಿ 7 ಕಿ.ಮೀ. ಆರು ಸುತ್ತಿಗೆ 42. ಮೊದಲು ಹಿಟ್ಟಿನ ಗಿರಣಿ, ಆಮೇಲೆ ಎರಡು ಬೇವಿನ ಮರ, ಸೇತುವೆ, ಚಹಾ ಅಂಗಡಿ, ಜೋಳದ ಹೊಲ, ಏರು, ಕೊನೆಗೆ ನಮ್ಮ ಓಣಿ. ಮೂರು ವರ್ಷದಲ್ಲಿ ಈ ಸುತ್ತನ್ನು ಎಷ್ಟು ಸಲ ಸುತ್ತಿದ್ದೇನೋ. ಎಲ್ಲಿ ಗುಂಡಿ, ಎಲ್ಲಿ ನಾಯಿ, ಎಲ್ಲಿ ಗಾಳಿ ಎದುರಾಗುತ್ತದೆ ಅಂತ ತೋಳಿಗೇ ಗೊತ್ತು.

ಕಳೆದ ಡಿಸೆಂಬರ್‌ನಲ್ಲಿ ಹೊರ ರಾಜ್ಯದ ಒಂದು ಊರಿನಲ್ಲಿ ಪೂರ್ತಿ ಮ್ಯಾರಥಾನ್‌ಗೆ ಅನುಮತಿ ಸಿಕ್ಕಿತು. ನಮ್ಮ ದೇಶದ ಓಟಗಳಲ್ಲಿ ನಮಗೆ ಹೆಚ್ಚಾಗಿ ಸಣ್ಣ ದೂರದ ವಿಭಾಗ ಮಾತ್ರ ಇರುತ್ತದೆ. ಪೂರ್ತಿ ದೂರ ಬೇಕೆಂದರೆ ತಿಂಗಳುಗಟ್ಟಲೆ ಮುಂಚೆ ಬರೆದು ಕೇಳಬೇಕು. ಗಾಲಿ ಬಿಚ್ಚಿ, ಆರಡಿ ಉದ್ದದ ಫ್ರೇಮಿಗೆ ಸೀರೆ ಸುತ್ತಿ, ರೈಲಿನಲ್ಲಿ ಮೇಲಿನ ಬರ್ತ್ ಮೇಲೆ ಮಲಗಿಸಿಕೊಂಡು ಹೋದೆವು. ತಮ್ಮ ರಾತ್ರಿಯೆಲ್ಲ ಕೆಳಗೆ ಕೂತೇ ಬಂದ.

25 ಕಿ.ಮೀ. ತನಕ ಎಲ್ಲ ಸರಿಯಿತ್ತು. 29ರ ಹತ್ತಿರ ರಸ್ತೆ ಖಾಲಿಯಾಯಿತು. ಗೊತ್ತಿಲ್ಲದ ಊರು, ಉದ್ದನೆ ಮೇಲ್ಸೇತುವೆ, ಎದುರು ಗಾಳಿ. ಮುಂಗೈ ಸೆಳೆತ ಹಿಡಿಯಿತು. ಆ ನಾಲ್ಕು ತಿಂಗಳು ಮಂಚದ ಮೇಲೆ ಬಂದ ಅಳು ಅಲ್ಲಿ ಮತ್ತೆ ಬಂತು. ಸುಮ್ನೆ ನಿಂತುಬಿಡೋಣ ಅನ್ನಿಸಿತು. ಆಗ ಲೆಕ್ಕ ಹಾಕಿದೆ: ನಾಲ್ಕು ಸುತ್ತು ಮುಗಿದಿದೆ, ಇದು ಐದನೆಯದು, ಗಿರಣಿ ದಾಟಿದ್ದೇನೆ. ಈಗ ಬೇವಿನ ಮರ ಬರಬೇಕು. ಒಂದು ಕಿ.ಮೀ.ಗೆ ನನಗೆ ಸುಮಾರು 400 ತಳ್ಳು. ನಾಲ್ಕು ನೂರು ಎಣಿಸಿದೆ, ಮರ ಬಂತು. ಮತ್ತೆ ನಾಲ್ಕು ನೂರು, ಸೇತುವೆ. ಕಣ್ಣ ಮುಂದೆ ಆ ಊರಿನ ಎತ್ತರದ ಕಟ್ಟಡಗಳು, ಕೈ ಕೆಳಗೆ ಭಾಗ್ಯನಗರದ ರಸ್ತೆ. ಆರನೇ ಸುತ್ತಿನ ಏರು ಮುಗಿದಾಗ ನಮ್ಮ ಓಣಿ ಕಂಡಂತೆಯೇ ಆಯಿತು. ಉಳಿದ 195 ಮೀಟರ್ ಎಣಿಸಲಿಲ್ಲ.

3 ಗಂಟೆ 9 ನಿಮಿಷ.

ಅವತ್ತು ರಾತ್ರಿ ಕನ್ನಡಿ ಹಿಡಿದು ಎಲ್ಲ ಕಡೆ ನೋಡಿಕೊಂಡೆ. ಎಲ್ಲೂ ಕೆಂಪು ಇರಲಿಲ್ಲ. ಪದಕಕ್ಕಿಂತ ಜಾಸ್ತಿ ಸಮಾಧಾನ ಕೊಟ್ಟದ್ದು ಅದು.

ಕುರ್ಚಿಗೆ ಎಷ್ಟು ಅಂಕ ಅಂದರೆ, ಬಂದ ಸ್ಥಿತಿಯಲ್ಲಿ ಐದಕ್ಕೆ ಎರಡು, ಸೊಂಟ ಸರಿ ಮಾಡಿಸಿದ ಮೇಲೆ ನಾಲ್ಕೂವರೆ. ಫ್ರೇಮ್ ಎಲ್ಲೂ ಬಿರುಕು ಬಿಟ್ಟಿಲ್ಲ. ಹಿಂದಿನ ಗಾಲಿಯ ಬೇರಿಂಗ್ ಎರಡು ಸಲ, ಮುಂದಿನದು ಒಂದು ಸಲ ಬದಲಾಯಿಸಿದ್ದೇನೆ, ನಮ್ಮೂರಲ್ಲೇ ಸಿಗುತ್ತವೆ. ಟೈರು ಮಾತ್ರ ತರಿಸಬೇಕು. ವರ್ಷಕ್ಕೆ ಎಲ್ಲ ಸೇರಿ 11-12 ಸಾವಿರ ಖರ್ಚು. ಈಗಷ್ಟೇ ಶುರು ಮಾಡುವವರು ಮೊದಲು ಯಾರದ್ದಾದರೂ ಹಳೆ ಕುರ್ಚಿಯಲ್ಲಿ ಕೂತು ಒಂದು ತಿಂಗಳು ತಳ್ಳಿ ನೋಡಿ, ನಿಮ್ಮ ಮೈ ಎಲ್ಲಿ ಒತ್ತುತ್ತದೆ ಅಂತ ಗೊತ್ತಾದ ಮೇಲೆ ದುಡ್ಡು ಕೊಡಿ.

ಎಡಗಡೆ ರಿಂಗಿನ ರಬ್ಬರ್ ಮತ್ತೆ ಅಂಚಿನಲ್ಲಿ ಏಳುತ್ತಿದೆ. ನಾಳೆ ಸೈಕಲ್ ಅಂಗಡಿಗೆ ಹೋಗಬೇಕು. ಮಷಿನ್ ಮೇಲಿನ ಸೀಮೆಸುಣ್ಣದ ಅಂಕಿ ಇನ್ನೂ ಅಳಿಸಿಲ್ಲ.