ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ಬೆಕ್ಕಿಗೆ ಇನ್ಸುಲಿನ್ ಕೊಡುವವರು ದಯವಿಟ್ಟು ಓದಿ

ಮನೆಯಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕು ಇದ್ದರೆ ಈಗಲೇ ಎದ್ದು ಹೋಗಿ ಇನ್ಸುಲಿನ್ ಬಾಟಲಿಯನ್ನೂ ಸಿರಿಂಜನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬಾಟಲಿಯ ಮೇಲೆ ಒಂದು ಮಿಲಿಲೀಟರಿಗೆ 40 ಯೂನಿಟ್ ಎಂದು ಬರೆದಿದ್ದರೆ ಸಿರಿಂಜಿನ ಮೇಲೂ 40 ಇರಬೇಕು. ಬಾಟಲಿಯಲ್ಲಿ 100 ಎಂದಿದ್ದರೆ ಸಿರಿಂಜಿನಲ್ಲೂ 100. ಹೊಂದಿಕೆಯಾಗದಿದ್ದರೆ ಸೂಜಿ ಮಾಡಬೇಡಿ. ವೈದ್ಯರಿಗೆ ಫೋನ್ ಮಾಡಿ, ಸರಿಯಾದ ಸಿರಿಂಜ್ ತರಿಸಿ. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಬೆಕ್ಕು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅದೇ ಇನ್ಸುಲಿನ್ ಎರಡೂವರೆ ಪಟ್ಟು ಹೆಚ್ಚಾದರೆ ಬೆಳಗಾಗುವುದರೊಳಗೆ ಪ್ರಾಣ ಹೋಗಬಹುದು. ನಮ್ಮ ಭೀಮನಿಗೆ ಆದದ್ದು ಇದೇ.

ಭೀಮ ಹನ್ನೊಂದು ವರ್ಷದ ಗಂಡು ಬೆಕ್ಕು, ಸಂತಾನಹರಣ ಮಾಡಿಸಿದ್ದೇವೆ, ಮೈ ಸ್ವಲ್ಪ ದಪ್ಪ. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಇಂಥ ಬೆಕ್ಕುಗಳಲ್ಲೇ ಎಂದು ವೈದ್ಯರು ಹೇಳಿದ್ದರು. ಬಟ್ಟಲುಗಟ್ಟಲೆ ನೀರು ಕುಡಿಯುತ್ತಿದ್ದ, ತಿಂದರೂ ಇಳಿಯುತ್ತಿದ್ದ, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಿದ್ದ. ವೈದ್ಯರು ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟರು. ಮೊದಲು ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್, ಆಮೇಲೆ ಎರಡು. ಇದು ಮನುಷ್ಯರಿಗೆ ಕೊಡುವ ಔಷಧಿಯೇ, 100ರ ಬಾಟಲಿ. ಅದಕ್ಕೆ ಕಿತ್ತಳೆ ಬಣ್ಣದ ಮುಚ್ಚಳವಿರುವ 100ರ ಸಿರಿಂಜನ್ನೇ ಬಳಸುತ್ತಿದ್ದೆವು. ನೀರು ಕುಡಿಯುವುದು ಕಡಿಮೆಯಾಯಿತು, ಕಟ್ಟೆ ಹತ್ತುವಷ್ಟು ಶಕ್ತಿ ಬಂತು.

ಸಿರಿಂಜ್ ಮುಗಿದ ದಿನ ವಿಜಯಪುರದಲ್ಲೇ ನಮ್ಮ ಮನೆಗೆ ಹತ್ತಿರದ ಔಷಧಿ ಅಂಗಡಿಗೆ ಹೋದೆ. ಖಾಲಿ ಪೊಟ್ಟಣ ತೋರಿಸಿ ಇಂಥದ್ದೇ ಕೊಡಿ ಎಂದೆ. ಅವರು ಕೊಟ್ಟದ್ದು ಕೆಂಪು ಮುಚ್ಚಳದ್ದು. ಬಣ್ಣ ಬೇರೆ ಇದೆಯಲ್ಲ ಎಂದು ಕೇಳಿದೆ. "ಕಂಪನಿ ಬೇರೆ ಅಷ್ಟೇ ಅಕ್ಕಾ, ಎರಡೂ ಇನ್ಸುಲಿನ್ ಸಿರಿಂಜೇ, ಯೂನಿಟ್ ಅಂದರೆ ಯೂನಿಟ್" ಎಂದು ಉತ್ತರ ಬಂತು. ಔಷಧಿ ಮಾರಲು ಕುಳಿತವರು ಹೇಳಿದ ಮಾತು. ಅವರನ್ನಲ್ಲದೆ ಇನ್ನಾರನ್ನು ಕೇಳಬೇಕಿತ್ತು? ಆ ಉತ್ತರದ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಆ ಅಂಗಡಿಯವರಿಗೆ ಹೋಗಿ ಹೇಳಿಯೂ ಬಂದಿದ್ದೇನೆ.

ಲೆಕ್ಕ ಹೀಗೆ. ಕೆಂಪು ಮುಚ್ಚಳದ್ದು 40ರ ಸಿರಿಂಜ್. 40ರ ಸಿರಿಂಜಿನಲ್ಲಿ ಎರಡನೆಯ ಗೆರೆಯವರೆಗೆ ಎಳೆದರೆ ಒಳಗೆ ಬರುವ ದ್ರವ 0.05 ಮಿಲಿಲೀಟರ್. ಬಾಟಲಿಯೂ 40ರದ್ದಾಗಿದ್ದರೆ ಅದು ಸರಿಯಾಗಿ ಎರಡು ಯೂನಿಟ್. ಬಾಟಲಿ 100ರದ್ದಾದರೆ ಅಷ್ಟೇ ದ್ರವದಲ್ಲಿ ಐದು ಯೂನಿಟ್ ಇರುತ್ತದೆ. ಕಣ್ಣಿಗೆ ಕಾಣುವುದು ಎರಡರ ಗೆರೆ, ಬೆಕ್ಕಿನ ಮೈಗೆ ಇಳಿಯುವುದು ಐದು. ಎಪ್ಪತ್ತು ಕಿಲೋ ತೂಕದ ಮನುಷ್ಯನಿಗೆ ಮೂರು ಯೂನಿಟ್ ಹೆಚ್ಚಾದರೆ ಏನಾದರೂ ತಿಂದು ಸುಧಾರಿಸಿಕೊಂಡಾನು. ಐದು ಕಿಲೋದ ಜೀವಕ್ಕೆ ಆ ಅವಕಾಶವಿಲ್ಲ.

ಸಂಜೆ ಏಳಕ್ಕೆ ಸೂಜಿ ಮಾಡಿದ್ದೆವು. ನಡುರಾತ್ರಿಯ ಹೊತ್ತಿಗೆ ಭೀಮ ಒಂದೇ ಸಮನೆ ಕೂಗುತ್ತ ಅಡುಗೆಮನೆಯಲ್ಲಿ ಸುತ್ತತೊಡಗಿದ. ಹಸಿವೆಂದುಕೊಂಡು ತಟ್ಟೆ ಇಟ್ಟರೆ ತಟ್ಟೆಯನ್ನೇ ಕಾಣದವನಂತೆ ದಾಟಿ ಹೋದ. ಹಿಂಗಾಲು ಅಡ್ಡಡ್ಡ ಬೀಳುತ್ತಿತ್ತು. ಕಣ್ಣಿನ ಪಾಪೆ ಪೂರ್ತಿ ಹಿಗ್ಗಿತ್ತು. ಸ್ವಲ್ಪ ಹೊತ್ತಿನಲ್ಲೇ ನೆಲಕ್ಕೊರಗಿದ, ಮೀಸೆ, ಕಿವಿ, ಮುಂಗಾಲು ಅದುರತೊಡಗಿದವು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರಿಗೆ ಹಚ್ಚಿದರೆ 38. ಆರೋಗ್ಯವಾಗಿರುವ ಬೆಕ್ಕಿಗೆ ಸುಮಾರು 80ರಿಂದ 120 ಇರಬೇಕು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಕಡಿಮೆಯನ್ನೇ ತೋರಿಸುತ್ತದೆ. ಹಾಗೆಂದು ಬೆಕ್ಕು ಕಣ್ಣೆದುರೇ ಅದುರುತ್ತಿರುವಾಗ ಮೀಟರಿನ ತಪ್ಪಿರಬಹುದು ಎಂದು ಕೂರಲಾಗದು.

ಆ ಹೊತ್ತಿನಲ್ಲಿ ನಮ್ಮ ವೈದ್ಯರು ಫೋನ್ ಎತ್ತಲಿಲ್ಲ. ಇಲ್ಲಿ ರಾತ್ರಿ ಬೆಕ್ಕನ್ನು ನೋಡುವವರು ಬೇರೆ ಯಾರೂ ನನಗೆ ಸಿಗಲಿಲ್ಲ. ಸೊಲ್ಲಾಪುರ ನೂರು ಕಿಲೋಮೀಟರ್ ದೂರ. ಇಂಥ ಬೆಕ್ಕುಗಳನ್ನು ಸಾಕಿರುವ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕೆಲವರು ಫೋನಿನಲ್ಲಿ ಒಬ್ಬರಿಗೊಬ್ಬರು ಜೊತೆಯಾಗಿದ್ದೇವೆ. ಅವರಲ್ಲಿ ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ, ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುವುದು. ಎರಡನೆಯ ರಿಂಗಿಗೇ ಎತ್ತಿದರು. ಬೆಕ್ಕು ನುಂಗುತ್ತಿದೆಯೋ ಇಲ್ಲವೋ ಎಂದು ಮೊದಲು ಕೇಳಿದರು. ಇಲ್ಲ ಎಂದಾಗ, "ಬಾಯಿಗೆ ಏನೂ ಹೊಯ್ಯಬೇಡ ತಂಗಿ, ಶ್ವಾಸಕ್ಕೆ ಹೋಗುತ್ತದೆ. ಬೆರಳಿಗೆ ಜೇನುತುಪ್ಪ ತಗೊಂಡು ವಸಡಿಗೆ ಸವರು. ಹಲ್ಲಿನ ನಡುವೆ ಬೆರಳು ಸಿಗದ ಹಾಗೆ ನೋಡಿಕೋ" ಎಂದರು. ಜೇನು ಸವರುತ್ತಿರುವಾಗಲೇ ಎರಡನೆಯ ಪ್ರಶ್ನೆ ಬಂತು: "ಸಿರಿಂಜಿನ ಮುಚ್ಚಳ ಯಾವ ಬಣ್ಣ?"

ಕೆಂಪು ಎಂದೆ. ಆ ಕಡೆ ಅವರಿಗೆ ಎಲ್ಲವೂ ತಿಳಿದುಹೋಯಿತು. ಐದು ಯೂನಿಟ್ ಹೋಗಿದೆ, ಇದು ಒಂದು ಸಲದ ಜೇನಿಗೆ ಮುಗಿಯುವುದಿಲ್ಲ, ಗ್ಲಾರ್ಜಿನ್ ತಾಸುಗಟ್ಟಲೆ ಸಕ್ಕರೆಯನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ ಎಂದು ಎಚ್ಚರಿಸಿದರು. ಅವರು ಹೇಳಿದಂತೆಯೇ ಆಯಿತು. ಜೇನಿನಿಂದ ತಲೆ ಎತ್ತಿದ, ಮೀಟರ್ 70 ದಾಟಿತು, ಅರ್ಧ ತಾಸಿನಲ್ಲಿ ಮತ್ತೆ ಇಳಿಯಿತು. ನುಂಗಲು ಬಂದ ಮೇಲೆ ಕೋಳಿಮಾಂಸದ ತಿಳಿಗೆ ಜೇನು ಕಲಸಿ ನೆಕ್ಕಿಸಿದೆವು. ಹದಿನೈದು ನಿಮಿಷಕ್ಕೊಮ್ಮೆ ಕಿವಿ ಚುಚ್ಚಿ ನೋಡುತ್ತಿದ್ದೆವು. ಅಕ್ಕೋರು ಬೆಳಗಿನವರೆಗೆ ಫೋನ್ ಇಡಲಿಲ್ಲ. ಬೆಳಗಾವಿಯ ತಿಲಕವಾಡಿಯ ಒಬ್ಬ ಅಣ್ಣ ಪ್ರತಿ ಸಲದ ಅಂಕಿಯನ್ನು ವೇಳೆಯೊಂದಿಗೆ ಬರೆದುಕೊಂಡು, ಬೆಳಿಗ್ಗೆ ವೈದ್ಯರ ಮುಂದಿಡಲು ಕಳಿಸಿದರು. ಬೆಳಗಾಗುತ್ತಲೇ ಆಸ್ಪತ್ರೆಗೆ ಒಯ್ದೆವು, ಸಕ್ಕರೆ ಅಂಶವಿರುವ ಡೆಕ್ಸ್‌ಟ್ರೋಸ್ ಸಲೈನ್ ಹಚ್ಚಿದರು. ಎಷ್ಟು ಇನ್ಸುಲಿನ್ ಹೋಗಿದೆ ಎಂಬುದು ಖಚಿತವಾಗಿ ಗೊತ್ತಿದ್ದದ್ದರಿಂದ ವೈದ್ಯರಿಗೆ ಊಹೆ ಮಾಡುವ ಕೆಲಸ ಉಳಿಯಲಿಲ್ಲ. ಭೀಮ ಈಗ ಚೆನ್ನಾಗಿದ್ದಾನೆ.

ಈ ಗೊಂದಲ ನಮ್ಮ ಕಡೆ ಸುಲಭವಾಗಿ ಆಗುವುದಕ್ಕೆ ಕಾರಣವಿದೆ. ಭಾರತದಲ್ಲಿ ಮನುಷ್ಯರ ಸಾಮಾನ್ಯ ಇನ್ಸುಲಿನ್ ಬಾಟಲಿಗಳು ಇಂದಿಗೂ ಬಹಳಷ್ಟು 40ರವೇ. ಆದ್ದರಿಂದ ಅಂಗಡಿಗಳಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಕೈಗೆಟುಕುವಲ್ಲೇ ಇರುತ್ತದೆ. ಗ್ಲಾರ್ಜಿನ್ ಬಾಟಲಿ ಸಾಮಾನ್ಯವಾಗಿ ಬರುವುದು 100ರಲ್ಲಿ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಹೊರದೇಶಗಳಲ್ಲಿ ಪ್ರಾಣಿಗಳಿಗೆಂದೇ ತಯಾರಾಗುವ ಕ್ಯಾನಿನ್ಸುಲಿನ್, ಪ್ರೊಜಿಂಕ್ ಎರಡೂ 40ರವು. ಅಲ್ಲಿನ ವಿಡಿಯೊಗಳಲ್ಲಿ ಬೆಕ್ಕಿಗೆ 40ರ ಸಿರಿಂಜ್ ಎಂದು ಹೇಳುವುದನ್ನು ಕೇಳಿ, ಗ್ಲಾರ್ಜಿನ್ ಕೊಡುತ್ತಿರುವವರೂ ಕೆಂಪು ಮುಚ್ಚಳದ್ದನ್ನು ಹುಡುಕಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಸಿರಿಂಜ್ ಆರಿಸುವಾಗ ನೋಡಬೇಕಾದದ್ದು ಪ್ರಾಣಿಯನ್ನಲ್ಲ, ಬಾಟಲಿಯನ್ನು.

ತಿರುಗುಮುರುಗಾದರೂ ಅಪಾಯವೇ. 40ರ ಬಾಟಲಿಗೆ 100ರ ಸಿರಿಂಜ್ ಬಳಸಿದರೆ ಎರಡರ ಗೆರೆಯಲ್ಲಿ ಸಿಗುವುದು 0.8 ಯೂನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ. ಇಳಿಯಲಿಲ್ಲವೆಂದು ಪ್ರಮಾಣ ಏರಿಸುತ್ತ ಹೋಗುತ್ತಾರೆ. ಮುಂದೆ ಯಾವಾಗಲೋ ಸರಿಯಾದ ಸಿರಿಂಜ್ ಕೈಗೆ ಬಂದ ದಿನ ಅದೇ ಏರಿಸಿದ ಗೆರೆಯವರೆಗೆ ಎಳೆದುಬಿಡುತ್ತಾರೆ. ಗ್ಲಾರ್ಜಿನ್‌ನಲ್ಲಿ 300ರ ಸಾಂದ್ರತೆಯ ಪೆನ್ ಕೂಡ ಇದೆ. ಅದರಿಂದ ಯಾವ ಸಿರಿಂಜಿನಲ್ಲೂ ಔಷಧಿ ಎಳೆಯಬೇಡಿ.

ಜೊತೆಗಾರರ ಸಹಾಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಿವಿಯನ್ನು ಬಿಸಿನೀರಿನ ಬಟ್ಟೆಯಿಂದ ಬೆಚ್ಚಗೆ ಮಾಡಿ ಚುಚ್ಚಿದರೆ ರಕ್ತ ಬೇಗ ಬರುತ್ತದೆ ಎಂದು ತೋರಿಸಿಕೊಟ್ಟವರು ಅವರು. ಆಸ್ಪತ್ರೆಯಲ್ಲಿ ಹೆದರಿದ ಬೆಕ್ಕಿನ ಸಕ್ಕರೆ 300ಕ್ಕೂ ಏರಬಲ್ಲದು, ಮನೆಯಲ್ಲಿ ತೆಗೆದ ಅಂಕಿಗಳನ್ನೂ ವೈದ್ಯರಿಗೆ ತೋರಿಸು ಎಂದವರೂ ಅವರೇ. ಆದರೆ ಅದೇ ಬಳಗದಲ್ಲಿ ಒಬ್ಬರು, ತಮ್ಮ ಬೆಕ್ಕಿಗೆ ನಾಲ್ಕು ಯೂನಿಟ್ ಒಗ್ಗಿದೆ, ನೀವೂ ನಾಲ್ಕೇ ಕೊಡಿ, ಹೆದರಬೇಡಿ ಎಂದು ಹೊಸಬರಿಗೆ ಹೇಳುತ್ತಿದ್ದರು. ಇದು ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ ಇರಬಹುದು, ಆದರೂ ಕೇಳಬೇಡಿ. ಬೆಕ್ಕಿಗೆ ಪ್ರಮಾಣವನ್ನು ಅರ್ಧ ಅರ್ಧ ಯೂನಿಟ್ ಏರಿಸುವುದಿದೆ, ಕೆಲವು ಬೆಕ್ಕುಗಳಿಗೆ ಚಿಕಿತ್ಸೆ ಬೇಗ ಶುರುವಾಗಿ, ಅನ್ನ, ಅಂಗಡಿಯ ಒಣ ಬೆಕ್ಕಿನಾಹಾರ ಕಡಿಮೆಯಾದರೆ ಇನ್ಸುಲಿನ್ನಿನ ಅಗತ್ಯವೇ ಇಲ್ಲವಾಗುವುದೂ ಇದೆ. ಅಂಥ ದೇಹಕ್ಕೆ ಇನ್ನೊಂದು ಮನೆಯ ಅಂಕಿ ವಿಷವಾಗುತ್ತದೆ. ಅಕ್ಕೋರು ಇಷ್ಟು ವರ್ಷಗಳಲ್ಲಿ ಯಾರಿಗೂ ಪ್ರಮಾಣ ಹೇಳಿದ್ದನ್ನು ನಾನು ಕೇಳಿಲ್ಲ. ಕಂಡದ್ದೇನು, ಅಂಕಿ ಎಷ್ಟು, ಕೊನೆಯ ಊಟ ಯಾವಾಗ ಎಂದು ಕೇಳುತ್ತಾರೆ, ವೈದ್ಯರಿಗೆ ಫೋನ್ ಮಾಡಿಸುತ್ತಾರೆ. ನಂಬುವುದಾದರೆ ಇಂಥವರನ್ನು ನಂಬಿ.

ಬೆಕ್ಕು ಆ ಹೊತ್ತು ತಿನ್ನದಿದ್ದರೆ, ಇಲ್ಲವೇ ವಾಂತಿ ಮಾಡಿದರೆ, ವೈದ್ಯರನ್ನು ಕೇಳದೆ ಪೂರ್ತಿ ಪ್ರಮಾಣ ಕೊಡಬೇಡಿ. ಸೂಜಿ ಮಾಡುವಾಗ ಬೆಕ್ಕು ಕೊಸರಿಕೊಂಡು ಔಷಧಿ ಕೂದಲಿಗೆ ಹೋಯಿತೋ ಒಳಗೆ ಹೋಯಿತೋ ತಿಳಿಯದಿದ್ದರೆ ಮತ್ತೊಮ್ಮೆ ಕೊಡಬೇಡಿ. ಮನೆಯಲ್ಲಿ ಇಬ್ಬರು ಸೂಜಿ ಮಾಡುವವರಿದ್ದರೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕೊಟ್ಟವರು ವೇಳೆ ಬರೆಯಲಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಾಟಲಿ ಹೊರಗಿದ್ದರೆ ಕೆಡುತ್ತದೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು.

ವೈದ್ಯರು ಇನ್ಸುಲಿನ್ ಬದಲಿಸಿದರೆ ಹಳೆಯ ಸಿರಿಂಜುಗಳನ್ನು ಅಂದೇ ಮನೆಯಿಂದ ತೆಗೆಯಿರಿ. ಮುಂದೆ ಬೇಕಾದೀತೆಂದು ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಒಡೆಯದ ಪೊಟ್ಟಣವನ್ನು ಅಂಗಡಿಗೆ ಮರಳಿಸಿ. ಬಳಸಿದವನ್ನು ಗಟ್ಟಿ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ನಿಮ್ಮ ಪಶುವೈದ್ಯರು ಒಪ್ಪಿದರೆ ಅವರಲ್ಲೇ ಕೊಡಿ. ಕಸದ ಗಾಡಿಗೆ ಬಿಡಿಯಾಗಿ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.