ಯೇಲ್ ಆಹಾರ ವ್ಯಸನ ಪ್ರಶ್ನಾವಳಿ: ಆಪ್ತಸಮಾಲೋಚಕಿಯೊಬ್ಬಳ ವಿಮರ್ಶೆ

ವಿಶ್ವವಿದ್ಯಾಲಯವೊಂದರ ಆಪ್ತಸಮಾಲೋಚನಾ ಕೊಠಡಿಯಲ್ಲಿ ನಾನು ಯೇಲ್ ಆಹಾರ ವ್ಯಸನ ಪ್ರಶ್ನಾವಳಿಯ ಎರಡನೆಯ ಆವೃತ್ತಿಯನ್ನು ಬಳಸುತ್ತ ಬಂದಿದ್ದೇನೆ. ಅಮೆರಿಕದ ಮನೋವಿಜ್ಞಾನಿ ಆಶ್ಲಿ ಗೇರ್‌ಹಾರ್ಟ್ ಮತ್ತು ಸಂಗಡಿಗರು 2009ರಲ್ಲಿ ರೂಪಿಸಿ 2016ರಲ್ಲಿ ಪರಿಷ್ಕರಿಸಿದ ಈ ಪ್ರಶ್ನಾವಳಿ, ಮದ್ಯ ಮತ್ತು ಮಾದಕವಸ್ತುಗಳ ಚಟವನ್ನು ಗುರುತಿಸುವ 11 ಲಕ್ಷಣಗಳನ್ನು ತಿನ್ನುವುದಕ್ಕೆ ಅನ್ವಯಿಸಿ, ಕಳೆದ 12 ತಿಂಗಳ ಬಗ್ಗೆ 35 ಪ್ರಶ್ನೆಗಳನ್ನು ಕೇಳುತ್ತದೆ. ಎರಡು ಲಕ್ಷಣಗಳಿದ್ದರೂ ಸೌಮ್ಯ ವ್ಯಸನ, ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ. ಆದರೆ ಅದರಿಂದ ಮನಸ್ಸಿಗೆ ಸಂಕಟವೋ ದಿನಚರಿಗೆ ತೊಡಕೋ ಆಗುತ್ತಿದ್ದರೆ ಮಾತ್ರ ಆ ಎಣಿಕೆಗೆ ಅರ್ಥವಿದೆ.

ಇದರ ದೊಡ್ಡ ಗುಣವೆಂದರೆ, ಮನೆಯಲ್ಲಿ 'ಬಾಯಿಚಪಲ' ಎಂದು ಬೈಸಿಕೊಂಡೇ ಬೆಳೆದ ವಿದ್ಯಾರ್ಥಿಗೆ ತನ್ನ ಅನುಭವವನ್ನು ಹೇಳಿಕೊಳ್ಳಲು ಅದು ಮಾತು ಒದಗಿಸುತ್ತದೆ. ಹೊಟ್ಟೆ ಕೆಟ್ಟು ಸಂಕಟವಾಗುವವರೆಗೂ ತಿಂದದ್ದುಂಟೇ ಎಂಬ ಪ್ರಶ್ನೆಯ ಮುಂದೆ ಪೆನ್ನು ನಿಲ್ಲಿಸಿ ಅತ್ತವರನ್ನು ನಾನು ನೋಡಿದ್ದೇನೆ. ಉದಾಹರಣೆಗಳು ಮಾತ್ರ ಅಮೆರಿಕದವು. ಡೋನಟ್, ಬೇಕನ್‌ಗಳ ಪಟ್ಟಿಯಲ್ಲಿ ಅನ್ನವೂ ಸೇರಿರುವುದರಿಂದ, ಎರಡು ಹೊತ್ತೂ ಅನ್ನ ಉಣ್ಣುವ ನಮ್ಮ ಹುಡುಗರು ಗಲಿಬಿಲಿಗೊಳ್ಳುತ್ತಾರೆ. ನಾನು ಬೇಕರಿಯ ಪಫ್ಸ್, ಗೋಬಿ ಮಂಚೂರಿ, ಚಿಪ್ಸ್ ಎಂದು ಬಾಯಲ್ಲೇ ವಿವರಿಸಬೇಕಾಗುತ್ತದೆ.

ನನ್ನ ಮುಖ್ಯ ತಕರಾರು ಬೇರೆಯದು. ತಿನ್ನುವ ಈ ಹಸಿವು ಎಲ್ಲಿಂದ ಬಂತೆಂದು 35ರಲ್ಲಿ ಒಂದು ಪ್ರಶ್ನೆಯೂ ಕೇಳುವುದಿಲ್ಲ. 1980ರ ದಶಕದಲ್ಲಿ ಸ್ಯಾನ್ ಡಿಯಾಗೋದ ವೈದ್ಯ ವಿನ್ಸೆಂಟ್ ಫೆಲಿಟಿ, ತಮ್ಮ ಬೊಜ್ಜು ಚಿಕಿತ್ಸಾಲಯದಲ್ಲಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟುಹೋಗುವುದನ್ನು ಕಂಡು ವಿಚಾರಿಸಿದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಬಾಲ್ಯದ ಸಂಕಷ್ಟಗಳ ಕುರಿತ 1998ರ ಪ್ರಸಿದ್ಧ ಅಧ್ಯಯನಕ್ಕೆ ಅಲ್ಲಿಂದಲೇ ದಾರಿಯಾಯಿತು. ನನ್ನ ಬಳಿ ಬಂದವರಲ್ಲಿಯೂ, ಅಪ್ಪ ಕುಡಿದು ಬಂದು ತಟ್ಟೆ ಎಸೆಯುವ ಮೊದಲೇ ಗಬಗಬನೆ ಉಂಡು ಮುಗಿಸಲು ಕಲಿತವರಿದ್ದರು. ಶಿಕ್ಷೆಯೆಂದು ಉಪವಾಸ ಕೆಡವಿದ ಮನೆಯಿಂದ ಬಂದು, ಹಾಸ್ಟೆಲ್ಲಿನ ಮಂಚದಡಿ ಬಿಸ್ಕತ್ತು ಬಚ್ಚಿಡುವವರೂ ಇದ್ದರು. ಅವರಿಗೆ 'ತೀವ್ರ' ಎಂಬ ಅಂಕ ಮಾತ್ರ ಕೊಟ್ಟು ಕಳುಹಿಸಿದರೆ, ಬಾಲ್ಯದಲ್ಲಿ ಕೇಳಿದ ಬೈಗುಳಕ್ಕೆ ಇನ್ನೊಂದು ಸೇರಿದಂತಾಗುತ್ತದೆ. ಮೇಲಾಗಿ, ಆಹಾರ ವ್ಯಸನವೆಂಬುದು ಮನೋವೈದ್ಯರ ಅಧಿಕೃತ ಕಾಯಿಲೆಪಟ್ಟಿಯಲ್ಲಿ ಇನ್ನೂ ಸೇರಿಲ್ಲ.

ಹಾಗಾಗಿ ತರಗತಿಯಲ್ಲಿ ಇದನ್ನು ಸಾಮೂಹಿಕವಾಗಿ ಹಂಚುವುದನ್ನು ನಾನು ಒಪ್ಪುವುದಿಲ್ಲ. ಎದುರಿಗೆ ಕೂತು ತುಂಬಿಸಿದ ಮೇಲೆ ಹಾಳೆಯನ್ನು ಬದಿಗಿಟ್ಟು, 'ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಊಟದ ಹೊತ್ತು ಹೇಗಿರುತ್ತಿತ್ತು?' ಎಂದು ಕೇಳುತ್ತೇನೆ. ಉತ್ತರ ಆ ದಿನವೇ ಬರಬೇಕೆಂದೇನಿಲ್ಲ. ಹೊರಡುವಾಗ, ರಾತ್ರಿ ಒಬ್ಬರೇ ಇದ್ದಾಗ ಮಾತಾಡಬೇಕೆನಿಸಿದರೆ ಎಂದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ.